ರಿಮ್ ಪರೀಕ್ಷೆಗೆ ಮೊದಲು ಟೈರ್ ಅಳೆಯಿರಿ

ರೇಸಿಂಗ್ ಸೈಕಲ್ಲಿನ ಆಳವಾದ (ಟೈರಿನಿಂದ ಒಳಮುಖವಾಗಿ ಉದ್ದಕ್ಕೆ ಚಾಚಿದ) ರಿಮ್‌ಗಳ ಜಾಹೀರಾತಿನಲ್ಲಿ 'ಇಷ್ಟು ವಾಟ್ ಉಳಿತಾಯ' ಎಂಬ ಒಂದೇ ಅಂಕಿ ಇರುತ್ತದೆ. ಆದರೆ ಗಾಳಿ ಸುರಂಗದ (ವಸ್ತುವಿನ ಮೇಲೆ ಗಾಳಿ ಹಾಯಿಸಿ ಅಳೆಯುವ ಕೋಣೆ) ಪರೀಕ್ಷೆಯಿಂದ ಬರುವುದು ಒಂದು ಅಂಕಿಯಲ್ಲ, ಗಾಳಿಯ ಕೋನ ಬದಲಾದಂತೆ ಪ್ರತಿರೋಧ ಹೇಗೆ ಏರಿಳಿಯುತ್ತದೆ ಎಂದು ತೋರಿಸುವ ಒಂದು ವಕ್ರರೇಖೆ. ಆ ರೇಖೆಯ ಆಕಾರದಲ್ಲಿ ರಿಮ್‌ಗೆ ಎಷ್ಟು ಪಾಲಿದೆಯೋ ಟೈರಿಗೂ ಹೆಚ್ಚುಕಡಿಮೆ ಅಷ್ಟೇ ಪಾಲಿದೆ.

ಮುಂದಿನ ಚಕ್ರದಲ್ಲಿ ಗಾಳಿ ಮೊದಲು ಬಡಿಯುವುದು ಟೈರಿಗೆ. ಟೈರಿನ ಅತಿ ಅಗಲದ ಜಾಗ ದಾಟಿದ ಗಾಳಿ ಅದರ ಮೈಬಿಟ್ಟು ಹೊರಕ್ಕೆ ಸಿಡಿಯಲು ನೋಡುತ್ತದೆ. ರಿಮ್ ಸಾಕಷ್ಟು ಅಗಲವಿದ್ದರೆ ಅದನ್ನು ಹಿಡಿದು ತನ್ನ ಪಕ್ಕೆಗುಂಟ ಹರಿಸುತ್ತದೆ. ಇಲ್ಲದಿದ್ದರೆ ಹಿಂದೆ ಸುಳಿಗಳೆದ್ದು, ಅಲ್ಲಿ ಒತ್ತಡ ಕುಸಿದು, ಪ್ರತಿರೋಧ ಏರುತ್ತದೆ. ಸೈಕಲ್ ಚಕ್ರ ತಯಾರಿಸುವ ಜಿಪ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಜಾಶ್ ಪೋರ್ಟ್ನರ್ ಇದಕ್ಕೊಂದು ಅಂದಾಜು ಕೊಟ್ಟಿದ್ದಾರೆ: ರಿಮ್‌ನ ಹೊರ ಅಗಲ ಟೈರಿನ ಅಗಲದ 105% ಆದರೂ ಇರಬೇಕು.

ಎಡವಟ್ಟಾಗುವುದು ಇಲ್ಲೇ. '25' ಎಂದು ಅಚ್ಚಾದ ಟೈರನ್ನು 21 ಮಿ.ಮೀ. ಒಳ ಅಗಲದ ರಿಮ್‌ಗೆ ಹಾಕಿ ಗಾಳಿ ತುಂಬಿದರೆ ಅದು 27 ಮಿ.ಮೀ.ಗೆ ಉಬ್ಬಬಹುದು. 27ರ 105% ಎಂದರೆ 28.35. ಹೊರ ಅಗಲ 28 ಇರುವ ರಿಮ್ ಆ ಗೆರೆಯ ಕೆಳಗೇ ಉಳಿಯಿತು! ಹಾಗಾಗಿ ಅಚ್ಚಿನ ಸಂಖ್ಯೆ ನಂಬದೆ, ಗಾಳಿ ತುಂಬಿ ಒಂದು ದಿನ ಬಿಟ್ಟು, ವರ್ನಿಯರ್ ಕ್ಯಾಲಿಪರ್‌ನಲ್ಲಿ ನಾಲ್ಕೈದು ಕಡೆ ಅಳೆಯಬೇಕು. ಹೊಸ ಟೈರ್ ಮೊದಲ ದಿನ ಹಿಗ್ಗುತ್ತಲೇ ಇರುತ್ತದೆ.

ಸುರಂಗದಲ್ಲಿ ಚಕ್ರವನ್ನು ತೆಳುವಾದ ಸ್ಟ್ಯಾಂಡಿಗೆ ಕೂರಿಸಿ, ಗಾಳಿಯ ವೇಗದಲ್ಲೇ ರೋಲರ್‌ನಿಂದ ತಿರುಗಿಸುತ್ತಾರೆ. ಮೊದಲು ಖಾಲಿ ಸ್ಟ್ಯಾಂಡಿನ ಪ್ರತಿರೋಧ ಅಳೆದು ಕೊನೆಗೆ ಕಳೆಯಬೇಕು. ಚಕ್ರ ತಿರುಗಿಸಲು ರೋಲರ್ ಮೋಟಾರ್ ತಿನ್ನುವ ಶಕ್ತಿ, ಪ್ರತಿರೋಧ ಅಳೆಯುವ ಸುರಂಗದ ತಕ್ಕಡಿಗೆ ಕಾಣುವುದಿಲ್ಲ, ಅದನ್ನು ಬೇರೆಯಾಗಿ ದಾಖಲಿಸಬೇಕು. ಓಡುವ ಚಕ್ರದ ಮೇಲ್ತುದಿ ಸೈಕಲ್ಲಿನ ಎರಡರಷ್ಟು ವೇಗದಲ್ಲಿ ಗಾಳಿ ಸೀಳುವುದರಿಂದ, ಕಡ್ಡಿಗಳು ದುಂಡೋ ಚಪ್ಪಟೆಯೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೊದಲು ಅಳೆದ ಚಕ್ರವನ್ನೇ ಕೊನೆಯಲ್ಲಿ ಮತ್ತೆ ಅಳೆಯಿರಿ. ಎರಡು ಅಳತೆಗಳ ನಡುವಿನ ವ್ಯತ್ಯಾಸ ಎರಡು ರಿಮ್‌ಗಳ ನಡುವಿನ ವ್ಯತ್ಯಾಸದಷ್ಟೇ ಇದ್ದರೆ ಆ ದಿನದ ಅಂಕಿಗಳನ್ನೆಲ್ಲ ಬಿಟ್ಟುಬಿಡುವುದೇ ಸರಿ.

ನಂತರ ಓರೆಗಾಳಿ. 40 ಕಿ.ಮೀ. ವೇಗದ ಸವಾರನಿಗೆ 10 ಕಿ.ಮೀ. ಅಡ್ಡಗಾಳಿ ಬೀಸಿದರೆ, ಎರಡೂ ಸೇರಿ ಗಾಳಿ ಸುಮಾರು 14 ಡಿಗ್ರಿ ಓರೆಯಲ್ಲಿ ಬಡಿಯುತ್ತದೆ. ಆದ್ದರಿಂದ ಚಕ್ರವನ್ನು -20ರಿಂದ +20 ಡಿಗ್ರಿವರೆಗೆ ಹಂತಹಂತವಾಗಿ ಹೊರಳಿಸಿ ಅಳೆಯುತ್ತಾರೆ. ಆಳದ ರಿಮ್ ಹಾಯಿಪಟದಂತೆ ವರ್ತಿಸಿ, ಓರೆ ಹೆಚ್ಚಿದಂತೆ ಪ್ರತಿರೋಧ ಇಳಿಯುತ್ತಾ ಹೋಗುತ್ತದೆ. ಒಂದು ಕೋನ ದಾಟಿದೊಡನೆ ಗಾಳಿ ರಿಮ್‌ನಿಂದ ಕಳಚಿಕೊಂಡು ರೇಖೆ ಥಟ್ಟನೆ ಮೇಲಕ್ಕೇರುತ್ತದೆ. ಟೈರ್ ದಪ್ಪವಾದಷ್ಟೂ ಈ ಕೋನ ಬೇಗ ಬರುತ್ತದೆ. ಸವಾರನ ಕೈಯಲ್ಲಿ ಹ್ಯಾಂಡಲ್ ಜಗ್ಗಿದಂತಾಗುವುದೂ ಇದೇ ಹಂತದಲ್ಲಿ, ಹಾಗಾಗಿ ಪ್ರತಿರೋಧದ ಜೊತೆ ಹ್ಯಾಂಡಲ್ ತಿರುಚುವ ಬಲವನ್ನೂ ಅಳೆಯದ ವರದಿ ನನ್ನ ಮಟ್ಟಿಗೆ ಅರ್ಧ ವರದಿ. ಡಿಸ್ಕ್ ಬ್ರೇಕ್ ಚಕ್ರವಾದರೆ ರೋಟರ್ (ಬ್ರೇಕ್ ಹಿಡಿಯುವ ಲೋಹದ ತಟ್ಟೆ) ಹಾಕಿಯೇ ಪರೀಕ್ಷಿಸಬೇಕು, ಅದು ಒಂದೇ ಬದಿಗಿರುವುದರಿಂದ ಎಡಬಲದ ರೇಖೆಗಳು ಒಂದೇ ತೆರನಾಗಿರುವುದಿಲ್ಲ.

ಫಲಿತಾಂಶವನ್ನು ಹಲವರು ಗ್ರಾಂನಲ್ಲಿ ಕೊಡುತ್ತಾರೆ; ಅದು ರಿಮ್‌ನ ತೂಕವಲ್ಲ, ಗಾಳಿ ಒಡ್ಡುವ ಪ್ರತಿರೋಧದ ಬಲ. 48 ಕಿ.ಮೀ. ವೇಗದಲ್ಲಿ ಪ್ರತಿರೋಧ 100 ಗ್ರಾಂ ಕಡಿಮೆಯಾದರೆ ಉಳಿಯುವುದು ಸುಮಾರು 13 ವಾಟ್. ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರಿಳಿಯುವುದರಿಂದ, 30 ಕಿ.ಮೀ.ನಲ್ಲಿ ಅದೇ ರಿಮ್ ಉಳಿಸುವುದು 3 ವಾಟ್ ಚಿಲ್ಲರೆ. ಕೊಳ್ಳುವ ಮುನ್ನ ಅಳತೆಯ ವೇಗ ಯಾವುದೆಂದು ಕೇಳಲೇಬೇಕು.

ಸುರಂಗ ಸಿಗದವರು ಪವರ್ ಮೀಟರ್ (ತುಳಿಯುವ ಶಕ್ತಿಯನ್ನು ವಾಟ್‌ನಲ್ಲಿ ಅಳೆಯುವ ಸಾಧನ) ಹಾಕಿ, ಗಾಳಿಯಿಲ್ಲದ ಮುಂಜಾನೆ ಒಂದೇ ರಸ್ತೆಯಲ್ಲಿ ಸುತ್ತು ಹೊಡೆದು ಅಳೆಯಬಹುದು. ಕತ್ತು ತುಸು ಎತ್ತಿದರೂ ರಿಮ್‌ನ ವ್ಯತ್ಯಾಸ ಮುಚ್ಚಿಹೋಗುತ್ತದೆ, ಭಂಗಿ ಕದಲಬಾರದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಷ್ಟೇ ಉಷ್ಣತೆಯಲ್ಲಿ ಅಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಸುಮಾರು 10% ತೆಳು. ಪ್ರತಿ ಸುತ್ತಿಗೂ ಉಷ್ಣತೆ, ವಾಯುಭಾರ ಬರೆದಿಟ್ಟು ಗಾಳಿಯ ಸಾಂದ್ರತೆ ಲೆಕ್ಕಹಾಕಿದ ನಂತರವೇ ಎರಡೂರಿನ ಅಂಕಿಗಳನ್ನು ಹೋಲಿಸಬಹುದು.