ಗಂಟು ಕಲಿಸುವಾಗ ಮಗುವಿನ ಪಕ್ಕ ನಿಲ್ಲಿ

ಇಡೀ ಸ್ಕೌಟ್ ದಳವನ್ನು ಸಾಲಾಗಿ ನಿಲ್ಲಿಸಿ, ಎದುರಿಗೆ ನಿಂತು ಹಗ್ಗ ಎತ್ತಿ ಹಿಡಿದು ರೀಫ್ ನಾಟ್, ಅಂದರೆ ಎರಡು ತುದಿ ಸೇರಿಸಿ ಕಟ್ಟುವ ಗಂಟು, ಕಲಿಸುವುದು ನಮ್ಮಲ್ಲಿ ರೂಢಿ. ಹಿಂದಿನ ಸಾಲಿಗೆ ಹಗ್ಗವೇ ಕಾಣುವುದಿಲ್ಲ. ಮುಂದಿನ ಸಾಲಿಗೆ ಕಂಡರೂ ತಿರುಗಾಮುರುಗಾ. ಬಾಯಲ್ಲಿ ನೀವು ‘ಬಲ’ ಅನ್ನುತ್ತೀರಿ, ಮಗುವಿನ ಕಣ್ಣಿಗೆ ಅದು ಎಡಗಡೆ ಕಾಣುತ್ತದೆ. ಹತ್ತು ವರ್ಷದ ಹುಡುಗ ಯಾವುದನ್ನು ನಂಬಬೇಕು?

ಅದಕ್ಕೇ ಹೊಸ ಸ್ಕೌಟ್ ಮಾಸ್ಟರ್‌ಗಳಿಗೆ ನಾನು ಮೊದಲು ಹೇಳುವ ಮಾತು: ಮಗುವಿನ ಪಕ್ಕದಲ್ಲಿ, ಅದು ನೋಡುವ ದಿಕ್ಕಿಗೇ ಮುಖ ಮಾಡಿ ಕುಳಿತುಕೊಳ್ಳಿ. ಎರಡು ಬಣ್ಣದ ಹಗ್ಗ ತನ್ನಿ, ಒಂದು ಕೆಂಪು, ಒಂದು ಬಿಳಿ. ಬಲದ್ದು ಎಡದ ಮೇಲೆ ಹೋಗಿ ಸುತ್ತಿ ಬರಬೇಕು, ಆಮೇಲೆ ಎಡದ್ದು ಬಲದ ಮೇಲೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ಅದು ಗ್ರ್ಯಾನಿ ನಾಟ್, ಜಾರುವ ಗಂಟು. ವ್ಯತ್ಯಾಸವನ್ನು ಮಗು ತಾನೇ ಕಂಡುಹಿಡಿಯಬಹುದು. ಸರಿಯಾದ ಗಂಟಿನಲ್ಲಿ ತುದಿಗಳು ಹಗ್ಗದ ಜೊತೆಗೇ ಒರಗಿ ಮಲಗುತ್ತವೆ. ತಪ್ಪಾಗಿದ್ದರೆ ಅಡ್ಡಡ್ಡ ಚಾಚಿಕೊಳ್ಳುತ್ತವೆ. ಇದನ್ನು ತೋರಿಸಿಕೊಟ್ಟ ಮೇಲೆ ‘ಸಾರ್, ಸರಿ ಇದೆಯಾ?’ ಎಂದು ಓಡಿ ಬರುವುದು ತಾನಾಗಿ ಕಡಿಮೆಯಾಗುತ್ತದೆ. ಬಟ್ಟೆ ಒಣಹಾಕುವ ನುಣುಪು ಪ್ಲಾಸ್ಟಿಕ್ ಹಗ್ಗ ಮಾತ್ರ ಬೇಡ. ಅದರಲ್ಲಿ ಸರಿಯಾದ ಗಂಟೂ ಜಾರುತ್ತದೆ, ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ.

ಗಂಟು ಎಲ್ಲಿಗೆ ಬೇಕು ಎನ್ನುವುದನ್ನೂ ಅದೇ ದಿನ ಹೇಳಿ. ರೀಫ್ ನಾಟ್ ಚಪ್ಪಟೆಯಾಗಿ ಕೂರುತ್ತದೆ, ಸುಲಭವಾಗಿ ಬಿಚ್ಚುತ್ತದೆ. ಬ್ಯಾಂಡೇಜಿಗೆ ಅದನ್ನು ಹಾಕುವುದು ಅದಕ್ಕೇ. ಕತ್ತಿನ ಸ್ಕಾರ್ಫ್ ಬಿಚ್ಚಿ ಗೆಳೆಯನ ಕೈಗೆ ಜೋಲಿ ಕಟ್ಟಲಿ, ಗಂಟಿನ ಕೆಲಸ ಕೂಡಲೇ ಅರ್ಥವಾಗುತ್ತದೆ. ಆದರೆ ಭಾರ ಎಳೆಯುವ ಎರಡು ಹಗ್ಗಗಳನ್ನು ಇದರಿಂದ ಜೋಡಿಸುವುದು ಅಪಾಯ. ದಪ್ಪ ಹಗ್ಗಕ್ಕೆ ಸಣ್ಣ ಹಗ್ಗ ಸೇರಿಸಲು ಶೀಟ್ ಬೆಂಡ್ ಎನ್ನುವ ಗಂಟು ಇದೆ. ಪ್ರಥಮ ಸೋಪಾನ ಎನ್ನುವ ಸ್ಕೌಟ್ ಹಂತ ಮುಗಿಸಿದ ಮಕ್ಕಳಲ್ಲೂ ಎಷ್ಟೋ ಜನ ಗಂಟುಗಳ ಹೆಸರನ್ನು ಗಡಗಡ ಹೇಳುತ್ತಾರೆ, ಯಾವುದನ್ನು ಎಲ್ಲಿ ಹಾಕಬೇಕು ಎಂದರೆ ಸುಮ್ನೆ ನಿಲ್ಲುತ್ತಾರೆ. ಅದು ಮಕ್ಕಳ ತಪ್ಪಲ್ಲ. ಪಟ್ಟಿಗೆ ಟಿಕ್ ಹಾಕುವ ಅವಸರ ನಮ್ಮದು.

ಹಾಗಾದರೆ ಎಲ್ಲರ ಪಕ್ಕ ಒಬ್ಬರೇ ಕೂರುವುದು ಹೇಗೆ? ಕೂರಬೇಕಾಗಿಲ್ಲ. ಪ್ಯಾಟ್ರೋಲ್ ಲೀಡರ್‌ಗಳು, ಅಂದರೆ ದಳದೊಳಗಿನ ಸಣ್ಣ ಗುಂಪುಗಳ ನಾಯಕರಾದ ಮಕ್ಕಳು, ಇರುವುದೇ ಇದಕ್ಕೆ. 1907ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರದಲ್ಲೇ ಹುಡುಗರನ್ನು ನಾಲ್ಕು ಪ್ಯಾಟ್ರೋಲ್ ಮಾಡಿ, ಒಂದೊಂದಕ್ಕೂ ಒಬ್ಬ ಹುಡುಗನನ್ನೇ ನಾಯಕ ಮಾಡಿದ್ದರು. ನಮ್ಮಲ್ಲಿ ಎಷ್ಟೋ ಕಡೆ ಆ ನಾಯಕನ ಕೆಲಸ ಹಾಜರಿ ಕೂಗುವುದಕ್ಕೇ ಮುಗಿದುಹೋಗುತ್ತದೆ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ. ವಾರದ ಸಭೆಗೆ ಮುಂಚೆ ಅರ್ಧ ಗಂಟೆ ಲೀಡರ್‌ಗಳಿಗೆ ಮಾತ್ರ ಕಲಿಸಿ. ಅವರು ತಮ್ಮ ಆರೆಂಟು ಮಕ್ಕಳಿಗೆ ಕಲಿಸಲಿ. ಹದಿಮೂರು ವರ್ಷದ ಹುಡುಗಿ ಹನ್ನೊಂದರವಳಿಗೆ ‘ಇಲ್ಲಿ ನೋಡೇ, ಹಿಂದಿನಿಂದ ತಗೋ’ ಎಂದು ಬೆರಳು ಹಿಡಿದು ತೋರಿಸಿದರೆ ಬೇಗ ತಲೆಗೆ ಹತ್ತುತ್ತದೆ. ಕಲಿಸುವವಳಿಗೂ ಗಂಟು ಆಗಲೇ ಗಟ್ಟಿಯಾಗುವುದು.

ಲೀಡರ್ ತಪ್ಪು ಕಲಿಸಿದರೆ? ಮಧ್ಯೆ ಹೋಗಿ ಎಲ್ಲರೆದುರು ತಿದ್ದಬೇಡಿ. ಶಿಬಿರದಲ್ಲಿ ಕೋಲು ಕಟ್ಟಿ ತಟ್ಟೆ ಸ್ಟ್ಯಾಂಡ್ ಮಾಡುವಾಗ ಕೋಲಿಗೆ ಹಗ್ಗ ಬಿಗಿಯುವ ಕ್ಲೋವ್ ಹಿಚ್ ಗಂಟು ಸರಿಯಿಲ್ಲದಿದ್ದರೆ ಕೋಲು ತಿರುಗುತ್ತದೆ, ಸ್ಟ್ಯಾಂಡ್ ವಾಲುತ್ತದೆ. ತಟ್ಟೆಗಳು ಬಿದ್ದರೆ ಬೀಳಲಿ. ಇಡೀ ಪ್ಯಾಟ್ರೋಲ್ ಕುಳಿತು ಬಿಚ್ಚಿ ನೋಡಿಕೊಳ್ಳುತ್ತದೆ. ಮಕ್ಕಳ ಮೈಭಾರ ಬೀಳುವ ಜಾಗ, ಏಣಿ, ಹಗ್ಗದ ಸೇತುವೆ ಇಂಥವುಗಳಲ್ಲಿ ಮಾತ್ರ ಈ ಸಡಿಲಿಕೆ ಇಲ್ಲ. ಅಲ್ಲಿ ಪ್ರತಿ ಗಂಟನ್ನೂ ನೀವೇ ಮುಟ್ಟಿ, ಎಳೆದು ನೋಡಬೇಕು.

ಪರೀಕ್ಷೆಯನ್ನು ಕಲಿಸಿದ ದಿನವೇ ಮಾಡಬೇಡಿ. ಎರಡು ಮೂರು ವಾರ ಬಿಟ್ಟು, ಹೇಳದೆ ಕೇಳದೆ ಮಾಡಿ. ಹಗ್ಗ ಒದ್ದೆ ಮಾಡಿ ಕೊಡಿ, ಇಲ್ಲವೇ ಕಣ್ಣಿಗೆ ಸ್ಕಾರ್ಫ್ ಕಟ್ಟಿ ಹಾಕಿಸಿ. ರಾತ್ರಿ ಮಳೆಯಲ್ಲಿ ಟೆಂಟಿನ ಹಗ್ಗ ಬಿಚ್ಚಿಕೊಂಡಾಗ ಮಕ್ಕಳಿಗೆ ಬೇಕಾಗುವುದು ಇದೇ ಅಲ್ವಾ?