ಓದುಗರ ಪ್ರಶ್ನೆ: ಟೊಮಾಹಾಕ್ ಶಿಬಿರದಲ್ಲಿ ಎಸೆಯೋದು ಕಲಿಸ್ತೀರಾ?

ಪ್ರಶ್ನೆ: ಸರ್, ಶಿವಮೊಗ್ಗದಲ್ಲಿ ನೀವು ನಡೆಸುವ ಎರಡು ದಿನದ ಟೊಮಾಹಾಕ್ ಶಿಬಿರಕ್ಕೆ ಸೇರಬೇಕು ಅಂತಿದ್ದೇನೆ. ಎಷ್ಟು ದೂರದಿಂದ ಎಸೆಯೋದು ಕಲಿಸ್ತೀರಿ? ಮನೆಯಿಂದ ಕೊಡಲಿ ತರಬೇಕಾ?

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೊಡಲಿ ತರಬೇಡಿ. ಹರಿತ ಇರುವ ಯಾವುದನ್ನೂ ತರಬೇಡಿ, ಜೇಬಿನ ಚಾಕು ಕೂಡ. ಟೊಮಾಹಾಕ್ ಅಂದರೆ ಒಂದು ಕೈಯಲ್ಲಿ ಹಿಡಿಯುವ ಸಣ್ಣ ಕೊಡಲಿ, ನಮ್ಮದು ಅದರಲ್ಲಿ ಆತ್ಮರಕ್ಷಣೆ ಕಲಿಸುವ ಶಿಬಿರ. ಅಲ್ಲಿ ಎಲ್ಲರ ಕೈಗೂ ಸಿಗೋದು ರಬ್ಬರಿನ ಟೊಮಾಹಾಕ್, ಇಲ್ಲದಿದ್ದರೆ ಮರದ್ದು. ಜಾರದ ಶೂ, ಬೆವರು ಒರೆಸೋಕೆ ಒಂದು ಟವೆಲ್ ಇದ್ದರೆ ಸಾಕು. ಕಣ್ಣಿಗೆ ಹಾಕುವ ಗಾಗಲ್ಸ್ ನಾವೇ ಕೊಡುತ್ತೇವೆ.

ಇನ್ನು ಎಸೆಯೋ ವಿಷಯ. ಶಿಬಿರದ ದಿನ ಗೊತ್ತಾದ ಕೂಡಲೇ ಫೋನ್ ಮಾಡುವವರೆಲ್ಲ ಇದನ್ನೇ ಕೇಳುತ್ತಾರೆ. ಸಾಗರದ ಹುಡುಗನೂ ಕೇಳಿದ, ಭದ್ರಾವತಿಯ ಮೇಷ್ಟ್ರೂ ಕೇಳಿದರು. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ನಮ್ಮಲ್ಲಿ ಎಸೆಯೋದು ಕಲಿಸಲ್ಲ. ಟೊಮಾಹಾಕ್ ಕೈಬಿಟ್ಟು ಹೋಗಬಾರದು ಅನ್ನೋದೇ ಅಲ್ಲಿ ಮೊದಲ ಪಾಠ.

ಈ ತಪ್ಪು ತಿಳಿವಳಿಕೆಗೆ ಸಿನಿಮಾ ಎಷ್ಟು ಕಾರಣವೋ ಹೆಸರೂ ಅಷ್ಟೇ ಕಾರಣ ಅಂತ ನನಗನ್ನಿಸುತ್ತದೆ. ಟೊಮಾಹಾಕ್ ಅಂದ ಕೂಡಲೇ ನಮ್ಮವರಿಗೆ ನೆನಪಾಗೋದು 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕ ಹಾರಿಸಿದ ಕ್ಷಿಪಣಿ. ಹೆಸರು ಅದಕ್ಕಿಂತ ತುಂಬ ಹಳೆಯದು. ಉತ್ತರ ಅಮೆರಿಕದ ಮೂಲನಿವಾಸಿಗಳ ಅಲ್ಗಾಂಕ್ವಿಯನ್ ಭಾಷೆಗಳಿಂದ ಬಂದದ್ದು. ಮೊದಲು ಕಲ್ಲಿನ ತಲೆ ಇತ್ತು. ಯುರೋಪಿನ ವ್ಯಾಪಾರಿಗಳು ಬಂದ ಮೇಲೆ ಕಬ್ಬಿಣದ ತಲೆ ಬಂತು. ಸೌದೆಗೂ ಅದೇ, ಜಗಳಕ್ಕೂ ಅದೇ. 1960ರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ಹೊತ್ತಿಗೆ, ಪೀಟರ್ ಲಗಾನಾ ಅನ್ನುವವರು ಸೈನಿಕರಿಗೆಂದೇ ಅದನ್ನು ಮತ್ತೆ ಮಾಡಿಸಿದರು. ಒಂದು ಕಡೆ ಅಲಗು, ಹಿಂದೆ ಮೊನೆ. ಇವತ್ತು ಶಿಬಿರಗಳಲ್ಲಿ ನೀವು ನೋಡುವ ಹಲವು ಟೊಮಾಹಾಕ್‌ಗಳು ಅದೇ ಜಾಡಿನವು.

ಎಸೆಯೋದು ಇರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇತ್ತು, ಈಗಲೂ ಆಟವಾಗಿ ಇದೆ. ಆ ಆಟದ ಲೆಕ್ಕ ಸ್ವಲ್ಪ ನೋಡಿ. ಒಂದೂವರೆ ಅಡಿ ಕಾವಿನ, ಅಂದರೆ ಮರದ ಹಿಡಿಯ, ಟೊಮಾಹಾಕ್ ಗಾಳಿಯಲ್ಲಿ ಒಂದು ಸುತ್ತು ತಿರುಗೋಕೆ ಸುಮಾರು 12ರಿಂದ 15 ಅಡಿ ಬೇಕು. ಗುರಿಯ ಹಲಗೆ ಅಲ್ಲಾಡಲ್ಲ. ಆಟಗಾರ ಗೆರೆ ಅಳೆದು ನಿಲ್ಲುತ್ತಾನೆ. ಒಂದು ಹೆಜ್ಜೆ ಹೆಚ್ಚುಕಮ್ಮಿ ಆದರೂ ಅಲಗಿನ ಬದಲು ಕಾವು ಹೋಗಿ ಬಡಿಯುತ್ತದೆ. ನಿಮ್ಮ ಮೈಮೇಲೆ ಬರುತ್ತಿರುವವನು ಗೆರೆ ನೋಡಿ ನಿಲ್ಲುತ್ತಾನಾ? ಅಡಿಕೆ ತೋಟದೊಳಗೆ, ಮನೆ ಜಗಲಿಯಲ್ಲಿ, ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ 12 ಅಡಿ ಖಾಲಿ ಜಾಗ ಎಲ್ಲಿ ಸಿಗುತ್ತದೆ? ಎಸೆದ ಮೇಲಂತೂ ನಿಮ್ಮ ಕೈ ಬರಿದು. ತಾಗದಿದ್ದರೆ ಅದು ಅವನ ಕಾಲ ಹತ್ತಿರವೇ ಬಿದ್ದಿರುತ್ತದೆ.

ಮಾತಿಗೆ ಒಪ್ಪದವರಿಗೆ ಮೊದಲ ದಿನವೇ ಒಂದು ಪರೀಕ್ಷೆ ಇಡುತ್ತೇನೆ. ಒಬ್ಬರ ಕೈಗೆ ರಬ್ಬರ್ ಟೊಮಾಹಾಕ್. ಹದಿನೈದು ಅಡಿ ಆಚೆ ಇನ್ನೊಬ್ಬರು. ಅವರ ಕೈಯಲ್ಲಿ ಚಾಕುವಿನ ಬದಲಿಗೆ ಸುತ್ತಿದ ಪೇಪರ್, ಅದರ ತುದಿಗೆ ಒದ್ದೆ ಸೀಮೆಸುಣ್ಣ. ನಾನು ಚಪ್ಪಾಳೆ ತಟ್ಟಿದಾಗ ಅವರು ಓಡಿ ಬರಬೇಕು, ಇವರು ಎಸೆಯಬೇಕು. ಕಳೆದ ಸಲ ತೀರ್ಥಹಳ್ಳಿ ಕಡೆಯ ಗಟ್ಟಿಮುಟ್ಟಾದ ಹುಡುಗನೊಬ್ಬ ಎಸೆದ. ಕಾವು ಎದುರಿನವನ ಭುಜಕ್ಕೆ ತಾಗಿ ಮ್ಯಾಟ್ ಮೇಲೆ ಬಿತ್ತು. ಅಷ್ಟು ಹೊತ್ತಿಗೆ ಹುಡುಗನ ಕಪ್ಪು ಟೀ ಶರ್ಟಿನ ಮೇಲೆ ಪಕ್ಕೆಯಿಂದ ಹೊಟ್ಟೆವರೆಗೆ ಮೂರು ಬಿಳಿ ಗೀರು. ಅವನು ಬೆರಳಿಂದ ಒಂದೊಂದನ್ನೇ ಮುಟ್ಟಿ ನೋಡಿಕೊಂಡ.

ಆದರೂ ಬಿಡಲಿಲ್ಲ. “ಪರಶುರಾಮ ಕೊಡಲಿ ಎಸೆದಿದ್ದಕ್ಕೇ ಅಲ್ವಾ ಸರ್ ಕರಾವಳಿ ಆಗಿದ್ದು?” ಅಂದ. ಇಂಥ ಪ್ರಶ್ನೆ ಬಂದರೆ ನನಗೆ ನಿಜವಾಗಲೂ ಖುಷಿ. ಅವನು ಎಸೆದದ್ದು ಯಾವಾಗ ಅಂತ ಯೋಚನೆ ಮಾಡು ಅಂದೆ. ಇಪ್ಪತ್ತೊಂದು ಸಲದ ಯುದ್ಧ ಮುಗಿದಿತ್ತು. ಗೆದ್ದ ಭೂಮಿಯನ್ನೆಲ್ಲ ದಾನ ಕೊಟ್ಟಾಗಿತ್ತು. ತನಗೆ ನಿಲ್ಲೋಕೆ ಜಾಗ ಬೇಕು ಅಂತ ಸಮುದ್ರಕ್ಕೆ ಎಸೆದ. ಎದುರಿಗೆ ವೈರಿ ಯಾರೂ ಇರಲಿಲ್ಲ. ನಿಮ್ಮೂರ ಕಥೆಯನ್ನೇ ತಗೋ. ಕೊಡಲಿಯ ರಕ್ತದ ಕಲೆ ಹೋಗಿದ್ದು ತುಂಗೆಯಲ್ಲಿ ತೊಳೆದಾಗ ಅಂತಾರಲ್ಲ, ಅಷ್ಟು ಯುದ್ಧ ಆದ ಮೇಲೂ ಕೊಡಲಿ ಅವನ ಕೈಯಲ್ಲೇ ಇತ್ತು ಅಂತಾಯಿತು. ಎಳ್ಳಮಾವಾಸ್ಯೆ ಜಾತ್ರೆಗೆ ಚಿಕ್ಕಂದಿನಿಂದ ತುಂಗೆಯ ರಾಮಕುಂಡದಲ್ಲಿ ಮುಳುಗಿದ ಹುಡುಗ. ಥಟ್ಟನೆ ತಲೆಗೆ ಹೋಯಿತು.

ಕಲಿಸೋದು ಏನು ಅಂದರೆ, ಮೊದಲ ಅರ್ಧ ದಿನ ಬರೀ ಕಾಲು. ದಾರಿಯಿಂದ ಪಕ್ಕಕ್ಕೆ ಸರಿಯೋದು, ಹಿಂದೆ ನೋಡದೆ ಹಿಂದಕ್ಕೆ ಹೋಗದಿರೋದು, ಬಾಗಿಲ ಕಡೆ ಓಡೋದು. ಓಡೋಕೆ ದಾರಿ ಇದ್ದರೆ ಓಡಿ, ಇದನ್ನು ನಾನು ಪ್ರತಿ ಗಂಟೆಗೂ ಹೇಳುತ್ತೇನೆ. ಆಮೇಲೆ ಹಿಡಿತ. ಕಾವಿನ ತುದಿ ಹಿಡಿದರೆ ದೂರಕ್ಕೆ ಎಟುಕುತ್ತದೆ. ತಲೆಯ ಕೆಳಗೇ ಹಿಡಿದರೆ ಮೈಗೆ ಮೈ ತಾಗುವಷ್ಟು ಹತ್ತಿರದಲ್ಲೂ ಕೆಲಸಕ್ಕೆ ಬರುತ್ತದೆ. ಅಲಗಿನ ಕೆಳಗಿನ ಕೊಕ್ಕೆಯಲ್ಲಿ ಎದುರಿನವನ ಮಣಿಕಟ್ಟು ಸಿಕ್ಕಿಸಿ ಎಳೆಯೋದು ಬಂದವರೆಲ್ಲರಿಗೂ ಇಷ್ಟ. ದೋಟಿಯಲ್ಲಿ ಹಣ್ಣು ಎಳೆದು ಗೊತ್ತಿರುವ ಹೆಂಗಸರಿಗೆ ಇದು ಬೇಗ ಬರುತ್ತದೆ. ಖಾಲಿ ಕೈ ಸುಮ್ನೆ ತೂಗಾಡಬಾರದು, ಎದೆಯ ಮುಂದೆ ಕಾವಲಿಗೆ ಇರಬೇಕು. ಕೊನೆಗೆ, ನಿಮ್ಮ ಕೈಯಿಂದ ಕಿತ್ತುಕೊಳ್ಳೋಕೆ ಬಂದಾಗ ಬಿಡಿಸಿಕೊಳ್ಳೋದು.

ಕಾನೂನಿನ ಮಾತು ಹೇಳದೆ ಯಾರನ್ನೂ ಮನೆಗೆ ಕಳಿಸಲ್ಲ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಉಳಿದುಕೊಳ್ಳೋಕೆ ಬೇಕಾದದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವ ಹಾಗಿಲ್ಲ. ಕೊಡಲಿಯಲ್ಲಿ ಸಣ್ಣ ಪೆಟ್ಟು ಅನ್ನೋದು ಕಷ್ಟ, ನೆನಪಿರಲಿ. ತೋಟಕ್ಕೆ ಕತ್ತಿ ಒಯ್ಯೋದು ಬೇರೆ. ಟೊಮಾಹಾಕ್ ಬೈಕಿನ ಬಾಕ್ಸಿನಲ್ಲಿಟ್ಟು ಪೇಟೆ ಸುತ್ತೋದು ಬೇರೆ. 2016ರ ಆಯುಧ ನಿಯಮಗಳಲ್ಲಿ ಯುದ್ಧದ ಕೊಡಲಿಯ ಹೆಸರೂ ಇದೆ. ವಿನಾಯಿತಿ ಇರೋದು ಮನೆಯ, ಕೃಷಿಯ, ವಿಜ್ಞಾನದ, ಕೈಗಾರಿಕೆಯ ಕೆಲಸದ ಹತ್ಯಾರಗಳಿಗೆ.

ಯಾರೂ ಕೇಳದ ಒಂದು ವಿಷಯ ಹೇಳಲೇಬೇಕು, ಕಾವಿನ ಬಗ್ಗೆ. ತೋರಿಸೋಕೆ ಅಂತ ಒಂದು ನಿಜವಾದ ಟೊಮಾಹಾಕ್ ಮೇಜಿನ ಮೇಲೆ ಇಟ್ಟಿರುತ್ತೇನೆ. ಮಗಳನ್ನು ಬಿಡೋಕೆ ಬಂದಿದ್ದ ಹೊಸನಗರ ಕಡೆಯ ಹಿರಿಯರೊಬ್ಬರು ಅದನ್ನು ಎತ್ತಿ, ತಿರುಗಿಸಿ, ಕಾವಿನ ಬುಡವನ್ನು ನೆಲಕ್ಕೆ ಒಂದು ಸಲ ಕುಟ್ಟಿದರು. ತಲೆ ಸಡಿಲಾಗಿ ಕೆಳಗೆ ಜಾರಿತು. “ಇದು ನಮ್ಮ ಪಿಕಾಸಿ ಕಾವಲ್ವಾ ಮಾರಾಯ್ರೆ” ಅಂದರು. ನೂರಕ್ಕೆ ನೂರು ಸರಿ. ತೂತು ಮೇಲೆ ಅಗಲ, ಕೆಳಗೆ ಕಿರಿದು. ಕಾವನ್ನು ಮೇಲಿನಿಂದ ಇಳಿಸುತ್ತಾರೆ. ಬೀಸಿದಷ್ಟೂ ತಲೆ ಬಿಗಿಯಾಗುತ್ತದೆ, ಬೆಣೆ ಬೇಡ. ಕಾವು ಮುರಿದರೆ ಕಾಡಿನಲ್ಲೇ ಇನ್ನೊಂದು ಕೆತ್ತಿ ಹಾಕಿಕೊಳ್ಳಬಹುದು. ಅಮೆರಿಕದವರು ಹಿಕರಿ ಮರ ಬಳಸುತ್ತಾರೆ, ನಮ್ಮಲ್ಲಿ ದಿಂಡಿಗ ಇದೆ. ಯಾವ ಮರವಾದರೂ ಕಾವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿ. ಮರದ ಎಳೆ ತಲೆಯಿಂದ ಬುಡದವರೆಗೆ ನೇರ ಓಡಿರಬೇಕು. ನಡುವೆ ಪಕ್ಕಕ್ಕೆ ಹೊರಟಿದ್ದರೆ ಅದೇ ಜಾಗದಲ್ಲಿ ಮುರಿಯುತ್ತದೆ. ಅಂಥ ಕಾವನ್ನು ಒಲೆಗೆ ಹಾಕಿ.