ಎರರ್ ಇಲ್ಲದೆ ಬಿಲ್ಡ್ ಆದರೂ ಬೋರ್ಡ್ ಯಾಕೆ ಸುಮ್ಮನಿರುತ್ತದೆ?

ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುಗಳಿಗೆ ಸುಮಾರು 24 ಡಿಗ್ರಿ ಶಾಖ ಬೇಕು. ಅದಕ್ಕೇ ಹುಳು ಮನೆಗೆ ಒಂದು ಪುಟ್ಟ ಕಂಟ್ರೋಲರ್ ಮಾಡಲು ಹೊರಟೆ. ಶಾಖ ಓದಲು ಒಂದು ಟಾಸ್ಕ್, ಫ್ಯಾನ್ ನಡೆಸಲು ಒಂದು, ಡಿಸ್‌ಪ್ಲೇಗೆ ಒಂದು. ಮೂರನ್ನೂ ಫ್ರೀಆರ್‌ಟಿಒಎಸ್ ಎಂಬ ಪುಟ್ಟ ಚಿಪ್‌ಗಳ ಆಪರೇಟಿಂಗ್ ಸಿಸ್ಟಮ್ ಸರದಿಯಂತೆ ನಡೆಸಬೇಕು.

ಚಿಪ್ ಎಸ್‌ಟಿಎಂ32ಎಫ್103. ರ್‍ಯಾಮ್ ಬರೀ 20 ಕೆಬಿ. ಲ್ಯಾಪ್‌ಟಾಪಿನ ಮಾಮೂಲಿ ಜಿಸಿಸಿ ಇಲ್ಲಿ ನಡೆಯುವುದಿಲ್ಲ, ಆರ್ಮ್ ಚಿಪ್‌ಗೆ ಕೋಡ್ ಕೊಡುವ ಕ್ರಾಸ್ ಕಂಪೈಲರ್ ಬೇಕು. ಫ್ರೀಆರ್‌ಟಿಒಎಸ್ ಕರ್ನಲ್‌ನ ಸಿ ಫೈಲುಗಳ ಜೊತೆ, ಅದನ್ನು ಈ ಚಿಪ್‌ನ ಕಾರ್ಟೆಕ್ಸ್ ಎಂ3 ಪ್ರೊಸೆಸರ್‌ಗೆ ಹೊಂದಿಸುವ ಪೋರ್ಟ್ ಫೈಲ್ ಮತ್ತು ಮೆಮೊರಿ ಹಂಚುವ ಒಂದೇ ಒಂದು ಹೀಪ್ ಫೈಲ್ ಸೇರಿಸಿ.

ನಾನು ಸಿಕ್ಕಿಬಿದ್ದದ್ದು ಇದರ ನಂತರ. ಬಿಲ್ಡ್‌ನಲ್ಲಿ ಒಂದೂ ಎರರ್ ಇಲ್ಲ, ಬೋರ್ಡ್‌ನಲ್ಲಿ ಒಂದೂ ಟಾಸ್ಕ್ ಓಡುತ್ತಿಲ್ಲ. ಎರಡು ದಿನ ಹೋಯಿತು.

ಕಾರಣ, ಚಿಪ್ ಆನ್ ಆದೊಡನೆ ಮೊದಲು ಓಡುವ ಸ್ಟಾರ್ಟಪ್ ಫೈಲ್‌ನಲ್ಲಿದೆ. ಅದರಲ್ಲಿ ಪ್ರತಿ ಇಂಟರಪ್ಟ್‌ಗೂ (ನಡೆಯುವ ಕೆಲಸ ತಡೆದು ಬೇರೆ ಫಂಕ್ಷನ್ ಕರೆಯುವ ಸೂಚನೆ) ಒಂದು ಹೆಸರಿದೆ, ಅದಕ್ಕೆ ‘ವೀಕ್’ ಎಂಬ ಗುರುತಿದೆ. ಅದೇ ಹೆಸರಿನ ಫಂಕ್ಷನ್ ನಾವು ಕೊಟ್ಟರೆ ಫೈಲುಗಳನ್ನು ಒಟ್ಟು ಜೋಡಿಸುವ ಲಿಂಕರ್ ನಮ್ಮದನ್ನು ಹಿಡಿಯುತ್ತದೆ. ಕೊಡದಿದ್ದರೆ ಮುಗಿಯದ ಒಂದು ಲೂಪ್‌ಗೆ ಜೋಡಿಸಿ ಸುಮ್ಮನಾಗುತ್ತದೆ, ದೂರು ಹೇಳುವುದಿಲ್ಲ. ಫ್ರೀಆರ್‌ಟಿಒಎಸ್ ಮೊದಲ ಟಾಸ್ಕ್ ಶುರು ಮಾಡುವುದು ಎಸ್‌ವಿಸಿ ಇಂಟರಪ್ಟ್‌ನಿಂದ. ಪೋರ್ಟ್ ಫೈಲ್‌ನಲ್ಲಿ ಆ ಫಂಕ್ಷನ್‌ಗೆ ಇರುವ ಹೆಸರೇ ಬೇರೆ! ಹಾಗಾಗಿ ಚಿಪ್ ಆ ಲೂಪ್‌ನಲ್ಲೇ ಸುತ್ತುತ್ತಿತ್ತು. ಕಾನ್ಫಿಗ್ ಫೈಲ್‌ನಲ್ಲಿ ಎಸ್‌ವಿಸಿ, ಟಾಸ್ಕ್ ಬದಲಿಸುವ ಪೆಂಡ್‌ಎಸ್‌ವಿ, ಸಮಯ ಎಣಿಸುವ ಸಿಸ್‌ಟಿಕ್ ಮೂರಕ್ಕೂ ಒಂದೊಂದು ಡಿಫೈನ್ ಸಾಲು ಬರೆದು ಹೆಸರು ಹೊಂದಿಸಿದೆ. ಟಾಸ್ಕ್‌ಗಳು ಓಡಿದವು.

ಬೋರ್ಡ್‌ಗೆ ಹಾಕುವ ಮೊದಲೇ ಇದನ್ನು ನೋಡಬಹುದು. ಬಿಲ್ಡ್‌ನಿಂದ ಬರುವ ಇಎಲ್‌ಎಫ್ ಫೈಲ್ ಮೇಲೆ, ಅದರೊಳಗಿನ ಹೆಸರುಗಳ ಪಟ್ಟಿ ಕೊಡುವ ಎನ್‌ಎಂ ಓಡಿಸಿ. ಆ ಮೂರು ಹೆಸರಿನ ಮುಂದೆ ‘ಟಿ’ ಇದ್ದರೆ ಸರಿ. ‘ಡಬ್ಲ್ಯೂ’ ಇದ್ದರೆ ಇನ್ನೂ ಆ ಲೂಪೇ ಕೂತಿದೆ ಎಂದರ್ಥ. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸುತ್ತದೆ.

ಕಂಪೈಲರ್ ಹೇಳದ ಇನ್ನೊಂದು ವಿಷಯ ಸ್ಟ್ಯಾಕ್, ಅಂದರೆ ಪ್ರತಿ ಟಾಸ್ಕ್ ತನ್ನ ಕೆಲಸಕ್ಕೆ ಬಳಸುವ ಮೆಮೊರಿ. ಟಾಸ್ಕ್ ಮಾಡುವಾಗ 128 ಎಂದು ಕೊಟ್ಟರೆ ಅದು ಬೈಟ್ ಅಲ್ಲ, ವರ್ಡ್. ಈ ಚಿಪ್‌ನಲ್ಲಿ ಒಂದು ವರ್ಡ್ ಅಂದರೆ ನಾಲ್ಕು ಬೈಟ್, ಹಾಗಾಗಿ 512 ಬೈಟ್ ಆಯ್ತು. ಪ್ರಿಂಟ್‌ಎಫ್ ಬಳಸುವ ಟಾಸ್ಕ್‌ಗೆ ಜಾಸ್ತಿ ಕೊಡಿ. ಕಾನ್ಫಿಗ್ ಫೈಲ್‌ನಲ್ಲಿ, ಸ್ಟ್ಯಾಕ್ ಮೀರಿ ಹೋದದ್ದನ್ನು ಹಿಡಿಯುವ ಓವರ್‌ಫ್ಲೋ ಪರೀಕ್ಷೆಯನ್ನು 2ಕ್ಕೆ ಇಡಿ. ಆಗ, ಸ್ಟ್ಯಾಕ್ ಮೀರಿದಾಗ ಫ್ರೀಆರ್‌ಟಿಒಎಸ್ ಕರೆಯುವ ಒಂದು ಹುಕ್ ಫಂಕ್ಷನ್ ನೀವೇ ಬರೆಯಬೇಕು. ಅದನ್ನು ಮರೆತರೆ ಮಾತ್ರ ಲಿಂಕರ್ ತಕ್ಷಣ ಎರರ್ ಕೊಡುತ್ತದೆ.